ಆಪ್ ದರ, ಸ್ಟ್ಯಾಂಡ್ ದರ: ಎರಡರ ಲೆಕ್ಕವೂ ಬೋರ್ಡಿನ ಮೇಲೆ ಬರಲಿ

ಮಾನ್ಯ ಸಂಪಾದಕರೇ,

ಮಳೆ ಬಿಡುವು ಕೊಟ್ಟು ವಾರಾಂತ್ಯದ ಜನ ಬರತೊಡಗಿದರೆ ಚಿಕ್ಕಮಗಳೂರಿನ ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಒಂದು ವಾಗ್ವಾದ ಇದ್ದದ್ದೇ. ‘ಬೆಂಗಳೂರಿಗೆ ಆಪ್‌ನಲ್ಲಿ ನಾಲ್ಕು ಸಾವಿರ ತೋರಿಸ್ತಿದೆ, ನೀವು ಏಳು ಹೇಳ್ತೀರಲ್ಲ’ ಎಂದು ಮೊಬೈಲ್ ಮುಂದೆ ಹಿಡಿಯುವ ಗಿರಾಕಿ, ‘ಹಾಗಾದ್ರೆ ಅದರಲ್ಲೇ ಹೋಗಿ ಸಾರ್’ ಎನ್ನುವ ಡ್ರೈವರ್. ಆಪ್‌ನಲ್ಲಿ ಬುಕ್ ಮಾಡಿದರೆ ಗಾಡಿ ಹುಡುಕುತ್ತಲೇ ಇರುತ್ತದೆ, ಬರುವುದಿಲ್ಲ. ಸ್ಟ್ಯಾಂಡಿನವರು ಸುಲಿಯುತ್ತಾರೆ, ಆಪ್‌ನವರು ಕೈಕೊಡುತ್ತಾರೆ ಎಂದು ಎರಡರ ಮೇಲೂ ದೂರು. ಈ ದೂರುಗಳಲ್ಲಿ ಹೆಚ್ಚಿನವಕ್ಕೆ ಕಾರಣ ಒಂದೇ: ಖಾಲಿ ವಾಪಸ್ ಬರುವ ಗಾಡಿಯ ಖರ್ಚು ಯಾರ ತಲೆಗೆ ಎಂಬುದನ್ನು ಯಾರೂ ಮೊದಲೇ ಬಿಡಿಸಿ ಹೇಳುವುದಿಲ್ಲ.

ಚಿಕ್ಕಮಗಳೂರಿನಿಂದ ಬೆಂಗಳೂರಿಗೆ ಸುಮಾರು 245 ಕಿ.ಮೀ. ಇಲ್ಲಿನ ಟ್ಯಾಕ್ಸಿಯವರು ಹೋಗಿಬರುವ 490 ಕಿ.ಮೀ.ಗೂ ದರ ಹಾಕುತ್ತಾರೆ. ಸೆಡಾನ್‌ಗೆ ಕಿ.ಮೀ.ಗೆ 14 ರೂಪಾಯಿ ಎಂದು ಇಟ್ಟುಕೊಂಡರೆ 6,860. ಡ್ರೈವರ್ ಬಾಟಾ (ದಿನದ ಭತ್ಯೆ) 400 ಸೇರಿದರೆ 7,260, ಟೋಲ್ ಬೇರೆ. ಆಪ್‌ನ ‘ಒನ್ ವೇ ಡ್ರಾಪ್’ ಹೋಗುವ ದಾರಿಗಷ್ಟೇ ದರ ತೋರಿಸುತ್ತದೆ. ಇಳಿಸಿದ ಊರಿನಲ್ಲಿ ಆ ಗಾಡಿಗೆ ಮರುಬಾಡಿಗೆ ಸಿಕ್ಕೇ ಸಿಗುತ್ತದೆ ಎಂಬ ಊಹೆಯ ಮೇಲೆ ನಿಂತ ದರ ಅದು. ಬೆಂಗಳೂರಿನಿಂದ ಬಂದು ವಾಪಸ್ ಹೊರಟ ಗಾಡಿಗೆ ಈ ಊಹೆ ಸರಿ. ಚಿಕ್ಕಮಗಳೂರಿನ ಕೆಎ 18 ಗಾಡಿಗೆ ಸರಿಯಲ್ಲ. ಲೀಟರಿಗೆ 18 ಕಿ.ಮೀ. ಓಡುವ ಡೀಸೆಲ್ ಕಾರಿಗೂ ಹೋಗಿಬರಲು 27 ಲೀಟರ್ ಬೇಕು. ಲೀಟರಿಗೆ 90 ರೂಪಾಯಿ ಹಿಡಿದರೆ 2,430. ನಾಲ್ಕು ಸಾವಿರದಲ್ಲಿ ಅದನ್ನು, ಎರಡೂ ದಿಕ್ಕಿನ ಟೋಲನ್ನು, ಆಪ್‌ನ ಪಾಲನ್ನು ಕಳೆದರೆ ಟೈರು, ಸರ್ವಿಸ್, ಸಾಲದ ಕಂತಿನ ಮಾತು ಹಾಗಿರಲಿ, ಹತ್ತು ಗಂಟೆ ಸ್ಟಿಯರಿಂಗ್ ಹಿಡಿದವನ ಕೂಲಿಯೂ ಹುಟ್ಟದು. ಆದ್ದರಿಂದಲೇ ಬುಕಿಂಗ್ ಬಿದ್ದರೂ ಸ್ಥಳೀಯ ಡ್ರೈವರ್ ಒಪ್ಪುವುದಿಲ್ಲ, ಒಪ್ಪಿದವನು ಫೋನ್ ಮಾಡಿ ‘ಸಾವಿರದೈನೂರು ಮೇಲೆ ಕೊಡ್ತೀರಾ’ ಎನ್ನುತ್ತಾನೆ.

ಇದರಿಂದ ಗಿರಾಕಿಗೆ ಒಂದು ಉಪಾಯವೂ ಸಿಗುತ್ತದೆ. ಶನಿವಾರ ಬೆಳಗ್ಗೆ ಬೆಂಗಳೂರಿನಿಂದ ಜನರನ್ನು ತಂದು ಬಿಟ್ಟ ಡ್ರಾಪ್ ಗಾಡಿಗಳು ಮಧ್ಯಾಹ್ನದ ಹೊತ್ತಿಗೆ ಖಾಲಿ ವಾಪಸ್ ಹೊರಡುತ್ತವೆ. ಆ ಹೊತ್ತಿನಲ್ಲಿ ಆಪ್ ತೋರಿಸಿದ ದರಕ್ಕೇ ಗಾಡಿ ಸಿಗುವ ಸಾಧ್ಯತೆ ಹೆಚ್ಚು. ಸ್ಟ್ಯಾಂಡಿನಲ್ಲೂ ‘ರಿಟರ್ನ್ ಗಾಡಿ ಇದೆಯಾ’ ಎಂದು ಕೇಳಿದರೆ ಅರ್ಧಕ್ಕೆ ಹತ್ತಿರದ ದರ ಬರುತ್ತದೆ. ಭಾನುವಾರ ಸಂಜೆ ಈ ಆಟ ನಡೆಯುವುದಿಲ್ಲ, ಆಗ ಎಲ್ಲರೂ ಹೊರಟಿರುವುದು ಅದೇ ದಿಕ್ಕಿಗೆ. ಹಾಸನದ ಪರಿಸ್ಥಿತಿ ಸ್ವಲ್ಪ ಬೇರೆ. ಬೆಂಗಳೂರು–ಮಂಗಳೂರು ಹೆದ್ದಾರಿಯ ಮೇಲೇ ಇರುವುದರಿಂದ ಅಲ್ಲಿ ಎರಡೂ ದಿಕ್ಕಿಗೆ ಗಾಡಿ ಓಡಾಟವಿದೆ, ಒನ್ ವೇ ದರವನ್ನು ಅಷ್ಟರಮಟ್ಟಿಗೆ ನಂಬಬಹುದು.

ಊರೊಳಗಿನ ಸಂಚಾರಕ್ಕೆ ಸರ್ಕಾರದ ದರವೇ ಇದೆ. ಗಿರಾಕಿಗಳಲ್ಲಿ ಬಹುಪಾಲು ಜನರಿಗೆ, ಕೆಲವು ಡ್ರೈವರ್‌ಗಳಿಗೂ ಅದು ಗೊತ್ತಿಲ್ಲ. 2024ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ನಗರ ಟ್ಯಾಕ್ಸಿಗೂ ಆಪ್ ಟ್ಯಾಕ್ಸಿಗೂ ಏಕರೂಪದ ದರ ಗೊತ್ತುಮಾಡಿತು. ಗಾಡಿಯ ಬೆಲೆ 10 ಲಕ್ಷದೊಳಗಿದ್ದರೆ ಮೊದಲ 4 ಕಿ.ಮೀ.ಗೆ 100 ರೂಪಾಯಿ, ಆಮೇಲೆ ಕಿ.ಮೀ.ಗೆ 24. ಬೆಲೆ 10ರಿಂದ 15 ಲಕ್ಷವಾದರೆ 115 ಮತ್ತು 28, ಅದನ್ನೂ ಮೀರಿದರೆ 130 ಮತ್ತು 32. ರಾತ್ರಿ 12ರಿಂದ ಬೆಳಗ್ಗೆ 6ರವರೆಗೆ ಶೇ 10 ಹೆಚ್ಚು. ಲಗೇಜು 120 ಕೆ.ಜಿ.ವರೆಗೆ ಉಚಿತ. ಕಾಯಿಸಿದರೆ ಮೊದಲ 5 ನಿಮಿಷಕ್ಕೆ ಏನೂ ಇಲ್ಲ, ನಂತರ ನಿಮಿಷಕ್ಕೆ 1 ರೂಪಾಯಿ. ಆಪ್‌ನವರು ಶೇ 5 ಜಿಎಸ್‌ಟಿ ಮತ್ತು ಟೋಲ್ ಸೇರಿಸಬಹುದು.

ಬಸ್ ನಿಲ್ದಾಣದಿಂದ 18 ಕಿ.ಮೀ. ದೂರದ ಹೋಮ್‌ಸ್ಟೇಗೆ ಸಣ್ಣ ಕಾರಿನಲ್ಲಿ ಹೋಗಬೇಕು ಅನ್ನಿ. ಈ ದರದಲ್ಲಿ 100ಕ್ಕೆ 14 ಕಿ.ಮೀ.ಯ 336 ಸೇರಿ 436 ರೂಪಾಯಿ. ಸ್ಟ್ಯಾಂಡಿನವರ ‘ಎರಡೂ ಕಡೆ’ ಲೆಕ್ಕದಲ್ಲಿ 36 ಕಿ.ಮೀ.ಗೆ 14ರಂತೆ 504. ಎರಡರ ನಡುವೆ 70 ರೂಪಾಯಿಯೂ ವ್ಯತ್ಯಾಸವಿಲ್ಲ. ಹೋಮ್‌ಸ್ಟೇ ಹಾದಿ ಮಣ್ಣಿನದು, ಫಸ್ಟ್ ಗೇರಿನ ಏರು ಎಂದು ಇನ್ನೊಂದು ನೂರು ಸೇರಿಸಿದರೂ ಒಪ್ಪಬಹುದು. ಅಲ್ಲಿಗೆ 900, 1,000 ಎಂದು ಕೇಳಿದರೆ ಅದು ಖಾಲಿ ಓಟದ ಲೆಕ್ಕವಲ್ಲ, ಗಿರಾಕಿಯ ಬ್ಯಾಗು ನೋಡಿ ಹೇಳಿದ ದರ. ದೂರದ ಬಾಡಿಗೆಯಲ್ಲಿ ಸ್ಟ್ಯಾಂಡಿನವರ ಪರವಾಗಿ ಹೇಳುವುದು ಸಾಕಷ್ಟಿದೆ. ಈ ಹತ್ತಿಪ್ಪತ್ತು ಕಿ.ಮೀ. ಓಟದಲ್ಲಿ ಇಲ್ಲ.

ಹೊರಊರಿನ ಬಾಡಿಗೆಯಲ್ಲಿ ಗಿರಾಕಿ ಹೆಚ್ಚು ಕಳೆದುಕೊಳ್ಳುವುದು ದಿನದ ಲೆಕ್ಕದಲ್ಲಿ. ಅಷ್ಟು ಓಡದಿದ್ದರೂ ದಿನಕ್ಕೆ ಕನಿಷ್ಠ 300 ಕಿ.ಮೀ.ಗೆ ದರ ಹಾಕುತ್ತಾರೆ, ಕೆಲವರದು 250. ದಿನ ಎಂದರೆ ಮಧ್ಯರಾತ್ರಿಯಿಂದ ಮಧ್ಯರಾತ್ರಿ. ಬೆಂಗಳೂರಿನವರು ಶುಕ್ರವಾರ ರಾತ್ರಿ 10ಕ್ಕೆ ಹೊರಟು ಇಲ್ಲಿ ಸುತ್ತಿ ಭಾನುವಾರ ರಾತ್ರಿ ಮನೆ ಸೇರಿದರೆ ಮೂರು ದಿನ, ಅಂದರೆ ಕನಿಷ್ಠ 900 ಕಿ.ಮೀ. ನಿಜವಾಗಿ ಓಡಿದ್ದು 490ಕ್ಕೆ ಇಲ್ಲಿನ ಸುತ್ತಾಟದ 120 ಸೇರಿ 610. ಬಿಲ್ಲು 14ರಂತೆ 12,600, ಬಾಟಾ ಮೂರು ದಿನದ್ದು. ಅದೇ ಪ್ರಯಾಣವನ್ನು ಶನಿವಾರ ನಸುಕಿನ 4ಕ್ಕೆ ಶುರು ಮಾಡಿದರೆ ಎರಡೇ ದಿನ, 610ಕ್ಕೆ 8,540. ಹೊರಡುವ ಹೊತ್ತೊಂದರಿಂದಲೇ 4,060 ರೂಪಾಯಿ ವ್ಯತ್ಯಾಸ. ಕೆಲವು ಟ್ರಾವೆಲ್ಸ್‌ನವರು 24 ಗಂಟೆಗೆ ಒಂದು ದಿನ ಎಂದು ಹಿಡಿಯುತ್ತಾರೆ. ಯಾವ ಲೆಕ್ಕ ಎಂದು ಬುಕ್ ಮಾಡುವಾಗಲೇ ಕೇಳಬೇಕು. ಇನ್ನೊಂದು, ‘ಗ್ಯಾರೇಜ್ ಟು ಗ್ಯಾರೇಜ್’. ಕಿ.ಮೀ. ಎಣಿಕೆ ನಿಮ್ಮ ಮನೆ ಬಾಗಿಲಿನಿಂದ ಅಲ್ಲ, ಅವರ ಶೆಡ್ಡಿನಿಂದ. ಚಿಕ್ಕಮಗಳೂರಿನಲ್ಲಿ ಇದು ನಾಲ್ಕೈದು ಕಿ.ಮೀ. ಆದೀತು, ಬೆಂಗಳೂರಿನಲ್ಲಿ ಮೂವತ್ತು ನಲವತ್ತು ಆಗುತ್ತದೆ. ಹತ್ತುವಾಗ, ಇಳಿಯುವಾಗ ಮೀಟರ್ ರೀಡಿಂಗಿನ ಫೋಟೊ ತೆಗೆದಿಟ್ಟರೆ ಆಮೇಲೆ ಮಾತು ಬೆಳೆಯುವುದಿಲ್ಲ.

ಆಸ್ಪತ್ರೆಯ ಪ್ರಯಾಣಕ್ಕೆ ಮಾತ್ರ ಕಣ್ಣುಮುಚ್ಚಿ ಊರ ಟ್ಯಾಕ್ಸಿ ಹಿಡಿಯಬೇಕು. ಮೂಡಿಗೆರೆ, ಚಾರ್ಮಾಡಿ ಘಾಟಿ ಮೇಲೆ ಮಂಗಳೂರಿಗೆ ಸುಮಾರು 150 ಕಿ.ಮೀ.; ಹೋಗಿಬಂದರೆ ದಿನದ ಕನಿಷ್ಠ 300ಕ್ಕೆ ಹೆಚ್ಚುಕಡಿಮೆ ಸರಿಹೊಂದುತ್ತದೆ. ಡಾಕ್ಟರು ಹೇಳಿದ ಸ್ಕ್ಯಾನಿಂಗ್ ಮುಗಿಸಿ ಸಂಜೆ ಹೊರಬರುವವರೆಗೆ ಕಾದಿರುವುದು ಅದೇ ದರದಲ್ಲಿ ಬಂತು. ಆಪ್‌ನಲ್ಲಿ ಎರಡು ಬಾರಿ ಒನ್ ವೇ ಹಿಡಿದರೆ ಕಾಗದದ ಮೇಲೆ ಸ್ವಲ್ಪ ಅಗ್ಗ ಕಾಣಬಹುದು, ಆದರೆ ರಾತ್ರಿ ಎಂಟಕ್ಕೆ ಮಂಗಳೂರಿನಿಂದ ಘಟ್ಟ ಹತ್ತಿ ಬರಲು ಗಾಡಿ ಸಿಗದಿದ್ದರೆ ರೋಗಿಯೊಂದಿಗೆ ಲಾಡ್ಜು ಹುಡುಕಬೇಕು. ಮಳೆಗಾಲದಲ್ಲಿ ಚಾರ್ಮಾಡಿಯಲ್ಲಿ ಮಣ್ಣು ಕುಸಿದು ಸಕಲೇಶಪುರ, ಶಿರಾಡಿ ಕಡೆಯಿಂದ ಸುತ್ತಬೇಕಾದರೆ ಹೆಚ್ಚುವರಿ ಕಿ.ಮೀ. ಯಾರದ್ದು ಎಂಬುದನ್ನೂ ಹೊರಡುವ ಮೊದಲೇ ಆಡಿಕೊಳ್ಳುವುದು ಒಳ್ಳೆಯದು.

ಗಿರಿಗಳಿಗೆ ಹೋಗುವವರಿಗೆ ಬೇರೆಯೇ ತೊಡಕು. ಮುಳ್ಳಯ್ಯನಗಿರಿ, ಸೀತಾಳಯ್ಯನಗಿರಿ, ಬಾಬಾಬುಡನ್‌ಗಿರಿ ಸೇರಿದ ಚಂದ್ರದ್ರೋಣ ಪರ್ವತ ಸಾಲಿಗೆ 2025ರ ಸೆಪ್ಟೆಂಬರ್‌ನಿಂದ ಆನ್‌ಲೈನ್‌ನಲ್ಲಿ ಮೊದಲೇ ನೋಂದಾಯಿಸಬೇಕೆಂದು ಜಿಲ್ಲಾಡಳಿತ ನಿಯಮ ಮಾಡಿತು. ಬೆಳಗ್ಗೆ 6ರಿಂದ 12, ಮಧ್ಯಾಹ್ನ 1ರಿಂದ 6 ಎಂದು ಎರಡು ಸರದಿ, ಸರದಿಗೆ 600 ವಾಹನ. ನೋಂದಣಿ ಇರುವುದು ವಾಹನಕ್ಕೆ. ಊರ ಟ್ಯಾಕ್ಸಿಯಾದರೆ ನಾಳೆ ಬರುವ ಗಾಡಿ ಯಾವುದೆಂದು ಇವತ್ತೇ ಗೊತ್ತು, ಡ್ರೈವರ್ರೇ ನೋಂದಾಯಿಸಿಕೊಂಡು ಬರುತ್ತಾನೆ. ಆಪ್‌ನಲ್ಲಿ ಯಾವ ಗಾಡಿ ಎಂಬುದು ತಿಳಿಯುವುದೇ ಹತ್ತು ನಿಮಿಷ ಮೊದಲು. ಅಷ್ಟರಲ್ಲಿ ಸರದಿ ತುಂಬಿದ್ದರೆ ಕೈಮರ ಚೆಕ್‌ಪೋಸ್ಟಿನಿಂದಲೇ ವಾಪಸ್. ದತ್ತ ಜಯಂತಿಯ ದಿನಗಳಲ್ಲಿ ಗಿರಿಗೆ ಪ್ರವಾಸಿಗರನ್ನು ಬಿಡುವುದಿಲ್ಲ, ಹಾಸನಾಂಬೆಯ ಬಾಗಿಲು ತೆರೆದ ದಿನಗಳಲ್ಲಿ ಹಾಸನದ ಒಳರಸ್ತೆಗಳಲ್ಲಿ ಮಾರ್ಗ ಬದಲು. ಆಪ್ ಇದ್ಯಾವುದನ್ನೂ ಕೇಳದೆ ಬುಕಿಂಗ್ ತೆಗೆದುಕೊಳ್ಳುತ್ತದೆ. ಆಲೂರು, ಸಕಲೇಶಪುರ, ಬೇಲೂರು ಕಡೆ ಸಂಜೆಯ ಮೇಲೆ ಕಾಡಾನೆ ಯಾವ ತೋಟದ ರಸ್ತೆಯಲ್ಲಿದೆ ಎಂಬ ಸುದ್ದಿಯೂ ಅಷ್ಟೇ, ಅದು ಊರ ಡ್ರೈವರ್‌ಗಳ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಓಡಾಡುತ್ತದೆ.

ಎಸ್ಟೇಟಿನಿಂದ ಆಪ್ ಬುಕ್ ಮಾಡುವವರು ಪಿನ್ ಬೀಳುವ ಜಾಗ ನೋಡಿಕೊಳ್ಳಬೇಕು. ತೋಟದೊಳಗಿನ ರಸ್ತೆ ನಕ್ಷೆಯಲ್ಲಿ ಇಲ್ಲದಿದ್ದರೆ ಪಿನ್ ಹೋಗಿ ಹತ್ತಿರದ ಇನ್ನೊಂದು ರಸ್ತೆಗೆ ಅಂಟಿಕೊಳ್ಳುತ್ತದೆ. ನಕ್ಷೆಯಲ್ಲಿ ಅರ್ಧ ಕಿ.ಮೀ., ನೆಲದ ಮೇಲೆ ಹಳ್ಳ ಬಳಸಿ ಏಳೆಂಟು. ಮುಖ್ಯರಸ್ತೆಯ ಬಸ್ ಸ್ಟಾಪನ್ನೋ ಶಾಲೆಯನ್ನೋ ಪಿಕಪ್ ಜಾಗ ಮಾಡಿ ಜೀಪಿನಲ್ಲಿ ಅಲ್ಲಿಯವರೆಗೆ ಬರುವುದು ವಾಸಿ. ಒಟಿಪಿ ಪರದೆಯನ್ನು ನೆಟ್‌ವರ್ಕ್ ಇರುವಾಗಲೇ ಸ್ಕ್ರೀನ್‌ಶಾಟ್ ತೆಗೆದಿಡಿ. ಇಳಿಯುವ ಜಾಗದಲ್ಲಿ ಸಿಗ್ನಲ್ ಇಲ್ಲದಿದ್ದರೆ ಡ್ರೈವರ್‌ಗೆ ಟ್ರಿಪ್ ಮುಗಿಸಲಾಗದು, ಮತ್ತೆ ಸಿಗ್ನಲ್ ಬರುವವರೆಗಿನ ಹಾದಿಯೂ ನಿಮ್ಮ ಬಿಲ್ಲಿಗೆ ಸೇರಬಹುದು. ಇಳಿದ ಹೊತ್ತು ಬರೆದಿಟ್ಟುಕೊಂಡಿದ್ದರೆ ದೂರು ಕೊಡಲು ಅನುಕೂಲ.

ಡ್ರೈವರ್ ‘ನೀವೇ ಕ್ಯಾನ್ಸಲ್ ಮಾಡಿ’ ಎಂದರೆ ಮಾಡಬೇಡಿ, ದಂಡ ನಿಮ್ಮ ಮೇಲೆ ಬೀಳುತ್ತದೆ. ಕೇಂದ್ರದ 2025ರ ಜುಲೈ ಮಾರ್ಗಸೂಚಿಯಲ್ಲಿ ಸಕಾರಣವಿಲ್ಲದೆ ರದ್ದು ಮಾಡಿದವರಿಗೆ, ಅದು ಡ್ರೈವರ್ ಆದರೂ ಗಿರಾಕಿಯಾದರೂ, ದರದ ಶೇ 10, ಗರಿಷ್ಠ 100 ರೂಪಾಯಿ ಎಂದಿದೆ. ಅದೇ ಮಾರ್ಗಸೂಚಿ ಬೇಡಿಕೆ ಹೆಚ್ಚಿದಾಗ ಮೂಲದರದ ಎರಡರಷ್ಟರವರೆಗೆ ಪಡೆಯಲು ಬಿಡುತ್ತದೆ.

ಇನ್ನು ಅಂತರ್ಜಾಲದ ‘ಟ್ರಾವೆಲ್ಸ್’ಗಳು. ಇವುಗಳಲ್ಲಿ ಎಷ್ಟೋ ಸಂಸ್ಥೆಗಳಿಗೆ ಸ್ವಂತ ಗಾಡಿಯೇ ಇಲ್ಲ. ನಿಮ್ಮಿಂದ 5,500ಕ್ಕೆ ಒಪ್ಪಿಕೊಂಡ ಡ್ಯೂಟಿಯನ್ನು ಡ್ರೈವರ್‌ಗಳ ಗುಂಪಿಗೆ ಹಾಕಿ 4,000ಕ್ಕೆ ಮಾರುತ್ತಾರೆ. ಟೋಲ್ ಸೇರಿದೆ, ಎ.ಸಿ. ಇದೆ ಎಂದು ನಿಮಗೆ ಕೊಟ್ಟ ಮಾತು ಡ್ರೈವರ್‌ವರೆಗೆ ತಲುಪುವುದೇ ಇಲ್ಲ. ಜಗಳ ಘಾಟಿಯ ಮಧ್ಯದಲ್ಲಿ. ಹಿಂದಿನ ದಿನ ಸಂಜೆಯೊಳಗೆ ಗಾಡಿ ನಂಬರು, ಡ್ರೈವರ್ ಫೋನು ತರಿಸಿಕೊಂಡು ಅವನ ಹತ್ತಿರವೇ ದರವನ್ನು ಇನ್ನೊಮ್ಮೆ ಆಡಿ ನೋಡಿ. ಸಿಎನ್‌ಜಿ ಗಾಡಿಯಾ ಎಂದೂ ಕೇಳಿ. ಸಿಲಿಂಡರ್ ಡಿಕ್ಕಿಯ ಅರ್ಧ ತಿಂದಿರುತ್ತದೆ, ನಾಲ್ಕು ಜನರ ಸೂಟ್‌ಕೇಸಿಗೆ ಕ್ಯಾರಿಯರ್ ಬೇಕಾಗುತ್ತದೆ. ಅಡ್ವಾನ್ಸ್ ಪಡೆದು ನಾಪತ್ತೆಯಾಗುವವರೂ ಇದ್ದಾರೆ. ಹಾಗಾದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು.

ವೈಟ್ ಬೋರ್ಡ್ ಗಾಡಿಯ, ಅಂದರೆ ಸ್ವಂತ ಬಳಕೆಗೆಂದು ನೋಂದಾಯಿಸಿ ಬಾಡಿಗೆಗೆ ಓಡಿಸುವ ಗಾಡಿಯ ಮಾತು ಬಿಟ್ಟರೆ ಈ ಪತ್ರ ಅರ್ಧವಾಗುತ್ತದೆ. ಪರ್ಮಿಟ್, ಎಫ್.ಸಿ. (ಗಾಡಿ ಓಡಲು ಯೋಗ್ಯ ಎಂಬ ಪ್ರಮಾಣಪತ್ರ), ಬಾಡಿಗೆ ವಾಹನದ ವಿಮೆ ಯಾವುದೂ ಇಲ್ಲದ್ದರಿಂದ ಕಿ.ಮೀ.ಗೆ ಎರಡು ಮೂರು ರೂಪಾಯಿ ಕಡಿಮೆಗೆ ಬರುತ್ತವೆ. ಖಾಸಗಿ ಪಾಲಿಸಿಯ ಗಾಡಿಯನ್ನು ಬಾಡಿಗೆಗೆ ಓಡಿಸುವುದು ಪಾಲಿಸಿಯ ಷರತ್ತಿಗೇ ವಿರುದ್ಧ. ಅಪಘಾತವಾದರೆ ವಿಮಾ ಕಂಪನಿ ಮೊದಲು ಹುಡುಕುವುದು ಅದನ್ನೇ, ಪ್ರಯಾಣಿಕ ಪರಿಹಾರಕ್ಕಾಗಿ ವರ್ಷಗಟ್ಟಲೆ ಕೋರ್ಟು ಅಲೆಯಬೇಕಾದೀತು. ಗಾಡಿ ನಂಬರನ್ನು ಎಂ ಪರಿವಾಹನ್ ಆಪ್‌ನಲ್ಲಿ ಹಾಕಿದರೆ ವಿಮೆ, ಎಫ್.ಸಿ. ಎಂದಿನವರೆಗೆ ಎಂದು ಕಾಣುತ್ತದೆ. ಹಸಿರು ಬೋರ್ಡ್ ನೋಡಿ ಗಲಿಬಿಲಿ ಬೇಡ: ವಿದ್ಯುತ್ ಗಾಡಿಯಲ್ಲಿ ಅಕ್ಷರ ಹಳದಿಯಾಗಿದ್ದರೆ ಬಾಡಿಗೆಯದು, ಬಿಳಿಯಾಗಿದ್ದರೆ ಸ್ವಂತದ್ದು.

ದೂರಿನ ವಿಷಯದಲ್ಲಿ ಆಪ್ ಮೇಲು ಎನ್ನಲೇಬೇಕು. ಹೆಸರು, ನಂಬರು, ಹೋದ ದಾರಿ ಎಲ್ಲವೂ ದಾಖಲೆಯಲ್ಲಿರುತ್ತದೆ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಅದನ್ನೇ ಕೊಡಬಹುದು. ಆದರೆ ಕಮಿಷನ್ ಬಿಟ್ಟು ಡ್ರೈವರ್‌ನಿಂದ ದಿನದ ಶುಲ್ಕ ಪಡೆಯುವ ಆಪ್‌ಗಳಲ್ಲಿ ಹಣ ನೇರ ಡ್ರೈವರ್ ಕೈಗೆ ಹೋಗುತ್ತದೆ, ಅಂಥಲ್ಲಿ ಮರುಪಾವತಿ ಕೇಳಿದರೆ ಆಪ್‌ನವರು ಕೈ ತೊಳೆದುಕೊಳ್ಳುವುದು ಸುಲಭ. ಸ್ಟ್ಯಾಂಡಿನ ಟ್ಯಾಕ್ಸಿಯಲ್ಲಿ ಚೀಟಿಯೇ ಇಲ್ಲ, ದೂರು ಕೊಡಲು ಆಧಾರವೂ ಇಲ್ಲ.

ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಪ್ರಾದೇಶಿಕ ಸಾರಿಗೆ ಪ್ರಾಧಿಕಾರಗಳು ಮನಸ್ಸು ಮಾಡಿದರೆ ಇದಕ್ಕೆ ಹೆಚ್ಚು ಖರ್ಚಿಲ್ಲ. ಚಿಕ್ಕಮಗಳೂರು, ಹಾಸನದ ಬಸ್ ನಿಲ್ದಾಣಗಳಲ್ಲಿ, ಕಡೂರು, ಅರಸೀಕೆರೆ, ಸಕಲೇಶಪುರ ರೈಲು ನಿಲ್ದಾಣಗಳ ಹೊರಗೆ ಕನ್ನಡದಲ್ಲಿ ದೊಡ್ಡ ದರ ಫಲಕ ಹಾಕಿಸಲಿ. ಅದರಲ್ಲಿ 2024ರ ನಗರ ದರ, ಮುಖ್ಯ ಸ್ಥಳಗಳಿಗೆ ಕಿ.ಮೀ., ಖಾಲಿ ವಾಪಸಾತಿ ಸೇರಿದ ದರ ಹಾಗೂ ಸೇರದ ದರ ಎಂದು ಎರಡು ಅಂಕಣ, ದಿನದ ಕನಿಷ್ಠ ಕಿ.ಮೀ., ಬಾಟಾ, ಆರ್‌ಟಿಒ ದೂರಿನ ನಂಬರು ಇರಲಿ. ರಾತ್ರಿ ರೈಲಿಗೆ ಇಳಿದವರು ಸುಮಾರು 40 ಕಿ.ಮೀ. ಬರಬೇಕಾದ ಕಡೂರಿನಲ್ಲಿ ಪ್ರೀಪೇಡ್ ಕೌಂಟರ್ ಮೊದಲು ತೆರೆಯಲಿ. ಹೊರಊರಿನ ಪ್ರತಿ ಬಾಡಿಗೆಗೂ ಹೊರಟ ರೀಡಿಂಗು, ಹೊತ್ತು, ಒಪ್ಪಿದ ದರ ಬರೆದು ಇಬ್ಬರೂ ಸಹಿ ಹಾಕಿದ ಟ್ರಿಪ್ ಶೀಟಿನ ಒಂದು ಪ್ರತಿ ಗಿರಾಕಿಯ ಕೈಗೂ ಸಿಗಬೇಕೆಂದು ಆದೇಶವಾಗಲಿ. ಟ್ರಿಪ್ ಶೀಟು ಟ್ರಾವೆಲ್ಸ್‌ನವರ ಹತ್ತಿರ ಈಗಲೂ ಇದೆ, ಒಂದು ಕಾರ್ಬನ್ ಹಾಳೆ ಸೇರಿಸಿದರೆ ಆಯಿತು.

– ಟ್ರಾವೆಲ್ಸ್ ಲೆಕ್ಕ ಬರೆಯುವ ಓದುಗ, ಚಿಕ್ಕಮಗಳೂರು