ಜೆಟ್ಟಿಯ ನಕ್ಷೆಯಲ್ಲಿ ನನ್ನ ಕಾಲಿಗೂ ಜಾಗ ಇರಲಿ

ಮಾನ್ಯ ಸಂಪಾದಕರೇ,

ಕರಾವಳಿಗೆ ಹೊಸ ಜೆಟ್ಟಿ, ಹೊಸ ವಿಹಾರದ ಬೋಟು ಅಂತ ನಿಮ್ಮ ಪತ್ರಿಕೆಯಲ್ಲಿ ಆಗಾಗ ಸುದ್ದಿ ಬರುತ್ತದೆ. ಪಕ್ಕದಲ್ಲಿ ಬಣ್ಣದ ನಕ್ಷೆ ಇರುತ್ತದೆ. ಅದರಲ್ಲಿ ನಾನು ಮೊದಲು ಹುಡುಕುವುದು ಮೆಟ್ಟಿಲನ್ನು. ಎಷ್ಟಿವೆ, ಹಿಡಿದುಕೊಳ್ಳಲು ಕಂಬಿ ಇದೆಯಾ, ಕೊನೆಯ ಮೆಟ್ಟಿಲಿಗೂ ಬೋಟಿಗೂ ನಡುವೆ ಎಷ್ಟು ಖಾಲಿ. ನನಗೆ ಎರಡು ವರ್ಷ ತುಂಬುವ ಮೊದಲೇ ಎಡಗಾಲಿಗೆ ಪೋಲಿಯೊ ಬಡಿಯಿತು. ಕಾಲಿಗೆ ಆಧಾರದ ಕ್ಯಾಲಿಪರ್ ಪಟ್ಟಿ ಕಟ್ಟಿ, ಊರುಗೋಲು ಹಿಡಿದು ಓಡಾಡುವವನು. ಈಗ ಅರವತ್ತರ ಹತ್ತಿರ ಬಂದಿದ್ದೇನೆ.

ಊರು ಗಂಗೊಳ್ಳಿ. ಅಪ್ಪ ಮೀನುಗಾರ. ಕುಂದಾಪುರ ನಮ್ಮ ಕಣ್ಣೆದುರೇ, ಅಳಿವೆಯ ಆಚೆ ದಡದಲ್ಲಿ. ದೋಣಿಯಲ್ಲಿ ದಾಟಿದರೆ ಸ್ವಲ್ಪ ಹೊತ್ತಿನ ದಾರಿ, ರಸ್ತೆಯಲ್ಲಾದರೆ ತ್ರಾಸಿ ಸುತ್ತಬೇಕು. ಓರಗೆಯ ಹುಡುಗರು ಹಾರಿ ದೋಣಿ ಹತ್ತುತ್ತಿದ್ದರು. ನನ್ನನ್ನು ಯಾರಾದರೂ ಕಂಕುಳಿಗೆ ಕೈಹಾಕಿ ಎತ್ತಿ, "ಹ್ವಾಯ್, ಸ್ವಲ್ಪ ಜಾಗ ಬಿಡಿ" ಅಂತ ಮೀನಿನ ಬುಟ್ಟಿಯ ಪಕ್ಕ ಇಳಿಸುತ್ತಿದ್ದರು. ಪ್ರೀತಿಯಿಂದಲೇ ಎತ್ತುತ್ತಿದ್ದರು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅಪ್ಪನ ದೋಣಿಯಲ್ಲಿ ಒಂದು ದಿನವೂ ಕಡಲಿಗೆ ಹೋಗಲಿಲ್ಲ. ಅಮ್ಮ ಬಿಡಲಿಲ್ಲ. ದಡದಲ್ಲಿ ಕೂತು ಹರಿದ ಬಲೆ ಕಟ್ಟುತ್ತಿದ್ದೆ. ಗಂಟು ಹಾಕುವುದನ್ನು ಕಲಿತದ್ದು ಹಾಗೆ.

ಮೊದಲ ಸಲ ಕಡಲಿಗೆ ಇಳಿದಾಗ ನನಗೆ ನಲವತ್ತು ದಾಟಿತ್ತು. ಅದೂ ನಮ್ಮ ಕಡಲಲ್ಲ, ಇಂಗ್ಲೆಂಡಿನದು.

ಲೆಕ್ಕಪತ್ರದ ಕೆಲಸಕ್ಕೆ ಅಂತ ಕೆಲವು ವರ್ಷ ಸೌತಾಂಪ್ಟನ್‌ನಲ್ಲಿದ್ದೆ. ಅಲ್ಲಿ ಜುಬಿಲಿ ಸೇಲಿಂಗ್ ಟ್ರಸ್ಟ್ ಅಂತ ಒಂದು ದತ್ತಿ ಸಂಸ್ಥೆ ಇತ್ತು, ಅಂಗವಿಕಲರೂ ಉಳಿದವರೂ ಜೊತೆಯಾಗಿ ಹಾಯಿಹಡಗು ನಡೆಸಲಿ ಅಂತ. 1978ರಲ್ಲಿ ಕ್ರಿಸ್ಟೋಫರ್ ರಡ್ ಎಂಬ ಮೇಷ್ಟ್ರು ಶುರುಮಾಡಿದ್ದು. ರಾಣಿಯ ಬೆಳ್ಳಿಹಬ್ಬದ ನಿಧಿಯಿಂದ ಹಣ ಬಂದದ್ದರಿಂದ ಆ ಹೆಸರು. ಅವರ ಮೊದಲ ಹಡಗು ಲಾರ್ಡ್ ನೆಲ್ಸನ್. ನೆಲ್ಸನ್ ಗೊತ್ತಲ್ಲ, ಒಂದು ಕೈ ಇಲ್ಲದ, ಒಂದು ಕಣ್ಣು ಕಾಣದ ಅಡ್ಮಿರಲ್. ಅಂಗವಿಕಲರ ಹಡಗಿಗೆ ಇದಕ್ಕಿಂತ ಒಳ್ಳೆ ಹೆಸರು ಎಲ್ಲಿ ಸಿಗಬೇಕು! ಎರಡನೆಯದು ಟೆನೇಶಿಯಸ್, ಅಂದರೆ ಹಟ ಬಿಡದವಳು. 65 ಮೀಟರ್ ಉದ್ದ, ಮೂರು ಕಂಬ, ಮರದ ಒಡಲು. 2000ದಲ್ಲಿ ನೀರಿಗಿಳಿದದ್ದು. ಕಟ್ಟುವಾಗಲೂ ಬಡಗಿಗಳ ಜೊತೆ ಸ್ವಯಂಸೇವಕರು ಕೈಜೋಡಿಸಿದ್ದರು, ಅವರಲ್ಲಿ ಅಂಗವಿಕಲರೂ ಇದ್ದರು.

ನಾನು ಹತ್ತಿದ್ದು ಈ ಟೆನೇಶಿಯಸ್‌ಗೆ. ಒಂದು ವಾರದ ಯಾನ. ಸೌತಾಂಪ್ಟನ್‌ನಿಂದ ದಕ್ಷಿಣ ಕರಾವಳಿ ಹಿಡಿದು ಪಡುವಣಕ್ಕೆ, ಫಾಲ್‌ಮೌತ್ ತನಕ. ಸಂಬಳದ ನಾವಿಕರು ಸುಮಾರು ಹತ್ತು ಮಂದಿ, ಅಷ್ಟೇ. ಉಳಿದ ನಲವತ್ತು ಜನ ನಮ್ಮಂಥವರು, ದುಡ್ಡು ಕೊಟ್ಟು ಕೆಲಸ ಮಾಡಲು ಬಂದವರು. ಅರ್ಧದಷ್ಟು ಜನಕ್ಕೆ ಒಂದಲ್ಲ ಒಂದು ವೈಕಲ್ಯ. ಒಬ್ಬೊಬ್ಬರಿಗೆ ಒಬ್ಬೊಬ್ಬ ಜೊತೆಗಾರ. ನನ್ನ ಜೊತೆಗಾರ ನಿವೃತ್ತ ಬಸ್ ಡ್ರೈವರ್. ಕಾಲು ಗಟ್ಟಿ, ಕಿವಿ ಮಂದ. ರಾತ್ರಿ ಪಾಳಿಗೆ ಅವನನ್ನು ಎಬ್ಬಿಸುವ ಕೆಲಸ ನನ್ನದು, ಬಕೆಟ್ ಹೊರುವ ಕೆಲಸ ಅವನದು. ಲೆಕ್ಕ ಸರಿ ಹೋಯಿತು.

ಮೊದಲ ದಿನದ ಕಥೆ ಹೇಳಿಬಿಡುತ್ತೇನೆ. ವೈಟ್ ದ್ವೀಪದ ತುದಿಯ ಬಂಡೆ ದಾಟಿ ಹೊರಗಡಲಿಗೆ ಬಂದದ್ದೇ ತಡ, ಗಂಗೊಳ್ಳಿಯ ಮೀನುಗಾರನ ಮಗ ಕಟಕಟೆ ಹಿಡಿದು ವಾಂತಿ. ಮೂರು ಸಲ. ಅಪ್ಪ ನೋಡಿದ್ದರೆ ನಕ್ಕು ನಕ್ಕು ಸಾಯುತ್ತಿದ್ದರು.

ಮರುದಿನ ಬೆಳಿಗ್ಗೆ ತಿಂಡಿ ಆದ ಮೇಲೆ 'ಹ್ಯಾಪಿ ಅವರ್' ಅಂದರು. ಏನೋ ಕೊಡುತ್ತಾರೆ ಅಂದುಕೊಂಡೆ. ಕೊಟ್ಟರು, ಬ್ರಷ್ಷು ಮತ್ತು ಬಕೆಟ್ಟು. ಹಡಗು ತೊಳೆಯುವ ಹೊತ್ತಿಗೆ ಅವರಿಟ್ಟ ಹೆಸರಂತೆ ಅದು. ನನ್ನ ಪಾಲಿಗೆ ಬಂದದ್ದು ಎರಡು ಶೌಚಾಲಯ. ನಗಬೇಡಿ, ನನಗೆ ಖುಷಿಯಾಯಿತು. ಶಾಲೆಯಲ್ಲಿ ಕಸ ಗುಡಿಸುವ ಸರದಿಯಿಂದ ನನ್ನನ್ನು ಬಿಟ್ಟಿದ್ದರು. ಮದುವೆ ಮನೆಯಲ್ಲಿ "ನೀನು ಸುಮ್ನೆ ಕೂತ್ಕೋ" ಅಂತ ಕುರ್ಚಿ ತಂದು ಹಾಕುತ್ತಿದ್ದರು. ಜೀವಮಾನವಿಡೀ ಸುಮ್ನೆ ಕೂತವನಿಗೆ ಯಾರೋ ಕಕ್ಕಸು ತೊಳೆ ಅಂದರೆ ಹೇಗಿರುತ್ತದೆ ಅಂತ ಕಾಲು ಸರಿ ಇರುವವರಿಗೆ ಗೊತ್ತಾಗುವುದು ಕಷ್ಟ.

ಇನ್ನೊಂದು ರಾತ್ರಿಯನ್ನೂ ಹೇಳಬೇಕು. ಎರಡು ಗಂಟೆಯಾಗಿತ್ತು. ಪೋರ್ಟ್‌ಲ್ಯಾಂಡ್ ಬಿಲ್ ದೀಪಸ್ತಂಭ ಹಿಂದೆ ಬಿದ್ದಿತ್ತು. ಕಡಲಿಗೆ ಚಾಚಿದ ಆ ನೆಲದ ಮೂಗಿನ ಹತ್ತಿರ ಉಬ್ಬರದ ನೀರು ಒಂದಕ್ಕೊಂದು ಡಿಕ್ಕಿ ಹೊಡೆದು ಕುದಿಯುತ್ತದೆ, ಹಡಗಿನವರು ದೂರದಿಂದಲೇ ಸುತ್ತು ಹಾಕುತ್ತಾರೆ. ಮೂಡಣ ಗಾಳಿ ಸಿಕ್ಕಿತ್ತು, ಪಟಗಳೆಲ್ಲ ತುಂಬಿ ನಿಂತಿದ್ದವು. ಚುಕ್ಕಾಣಿ ಹಿಡಿದಿದ್ದದ್ದು ಒಬ್ಬ ಹೆಂಗಸು, ಹುಟ್ಟು ಕುರುಡಿ. ಅವರ ಪಕ್ಕದಲ್ಲಿ ಒಂದು ಮಾತಾಡುವ ದಿಕ್ಸೂಚಿ. ತಣ್ಣಗಿನ ದನಿಯಲ್ಲಿ ಹಡಗಿನ ದಿಕ್ಕಿನ ಡಿಗ್ರಿ ಹೇಳುತ್ತಲೇ ಇತ್ತು: 248, 249, 251. ಅವರು ಚಕ್ರವನ್ನು ಒಂದು ಬೆರಳಿನಷ್ಟು ತಿರುಗಿಸುತ್ತಿದ್ದರು. 250, 248. ಬೇರೆ ಚುಕ್ಕಾಣಿಗರು ಹಗಲಲ್ಲಿ ಮೋಡ ನೋಡುತ್ತ ದಾರಿ ತಪ್ಪಿಸುತ್ತಿದ್ದರು, ಇವರ ದಾರಿ ಮಾತ್ರ ದಾರ ಎಳೆದ ಹಾಗಿತ್ತು. ನಾನು ಚಹಾದ ಮಗ್ ಅವರ ಕೈಗೆ ಮುಟ್ಟಿಸಿ, "ಕಷ್ಟ ಆಗುವುದಿಲ್ವಾ?" ಅಂತ ಕೇಳಿದೆ. "ಕತ್ತಲಲ್ಲಿ ನಿಮಗೆ ತಾನೇ ಕಷ್ಟ" ಅಂದರು.

ಸಂಪಾದಕರೇ, ನನ್ನ ಮಾತು ಇಷ್ಟೇ. ಆ ಹಡಗಿನಲ್ಲಿ ನಮ್ಮನ್ನು ಯಾರೂ ಎತ್ತಲಿಲ್ಲ. ಗಾಲಿಕುರ್ಚಿ ಒಂದು ಅಟ್ಟದಿಂದ ಇನ್ನೊಂದಕ್ಕೆ ಹೋಗಲು ಲಿಫ್ಟ್ ಇತ್ತು. ಡೆಕ್ ಅಗಲ, ಸಪಾಟು, ಎಡವಲು ಹೊಸ್ತಿಲಿಲ್ಲ. ಕಿವಿ ಕೇಳದವರಿಗೆ ದಿಂಬಿನಡಿ ನಡುಗುವ ಗಂಟೆ. ಇದ್ಯಾವುದೂ ಆಮೇಲೆ ತಂದು ಅಂಟಿಸಿದ್ದಲ್ಲ. ಕಾಗದದ ಮೇಲೆ ಮೊದಲ ಗೆರೆ ಎಳೆಯುವಾಗಲೇ ಇದ್ದದ್ದು. ಎತ್ತಿದ್ದು ಒಂದೇ ಸಲ, ಅದೂ ನಾನೇ ಕೇಳಿಕೊಂಡದ್ದಕ್ಕೆ. ಮೈಗೆ ಸುರಕ್ಷಾ ಪಟ್ಟಿ ಕಟ್ಟಿಕೊಂಡು, ಕೆಳಗಿನಿಂದ ಹತ್ತು ಜನ ಹಗ್ಗ ಜಗ್ಗಿ, ಕಂಬದ ಮೊದಲ ಅಟ್ಟಣೆಗೆ ಏರಿಸಿದರು. ಗಾಲಿಕುರ್ಚಿಯವರನ್ನು ಕುರ್ಚಿ ಸಮೇತ ಏರಿಸುತ್ತಿದ್ದರು. ಮೇಲಿಂದ ಕಡಲು ನೋಡಿದೆ. ಅಪ್ಪನ ನೆನಪಾಯಿತು, ಸ್ವಲ್ಪ ಅತ್ತೆ.

ಅದೆಲ್ಲ ಇಂಗ್ಲೆಂಡಿಗೆ ಸರಿ, ನಮ್ಮಲ್ಲಿ ಆಗುತ್ತದಾ ಅಂತ ಕೇಳಬಹುದು. ಲಾರ್ಡ್ ನೆಲ್ಸನ್ ಹಡಗಿನ ನಕ್ಷೆ ಬರೆದವರು ಕಾಲಿನ್ ಮುಡಿ. ನಮ್ಮ ನೌಕಾಪಡೆಯ ತರಬೇತಿ ಹಡಗು ತರಂಗಿಣಿಯ ನಕ್ಷೆಯೂ ಅವರದೇ. ಅದನ್ನು ಕಟ್ಟಿದ್ದು ಗೋವಾ ಶಿಪ್‌ಯಾರ್ಡ್, 1997ರಲ್ಲಿ ಸೇವೆಗೆ ಸೇರಿತು. ಆ ಶಿಪ್‌ಯಾರ್ಡ್ ಇರುವ ವಾಸ್ಕೊ ನಮ್ಮ ಕಾರವಾರದಿಂದ ನೂರು ಕಿಲೋಮೀಟರ್ ಒಳಗೇ ಇದೆ, ಅಲ್ವಾ? ಲಾರ್ಡ್ ನೆಲ್ಸನ್ 2012ರಿಂದ 2014ರ ತನಕ ಭೂಮಿ ಸುತ್ತಿದಾಗ ಕೊಚ್ಚಿಗೂ ಬಂದಿತ್ತು. ನಮ್ಮೂರಿಂದ ಒಂದು ರಾತ್ರಿಯ ರೈಲು.

ಹಾಗಂತ ನಮಗೊಂದು ದೊಡ್ಡ ಹಡಗು ಕಟ್ಟಿಕೊಡಿ ಅನ್ನುತ್ತಿಲ್ಲ. ದೊಡ್ಡ ಹಡಗಿನ ಹೊಟ್ಟೆ ದೊಡ್ಡದು. ಲಾರ್ಡ್ ನೆಲ್ಸನ್ 2019ರಲ್ಲಿ ನಿವೃತ್ತಿಯಾಯಿತು. ಅದೇ ವರ್ಷ ಟ್ರಸ್ಟು ಮುಚ್ಚುವ ಹಂತಕ್ಕೆ ಬಂದಾಗ ಜನ ಒಂದೇ ವಾರದಲ್ಲಿ ಹತ್ತು ಲಕ್ಷ ಪೌಂಡ್ ಕೂಡಿಸಿ ಉಳಿಸಿದರು. ಆದರೂ 2023ರ ಕೊನೆಗೆ ಬಾಗಿಲು ಹಾಕಬೇಕಾಯಿತು. ಆ ಸುದ್ದಿ ಬಂದ ದಿನ ನಾನು ಊಟ ಮಾಡಲಿಲ್ಲ.

ನಾನು ಕೇಳುವುದು ಸಣ್ಣದು. ಜೆಟ್ಟಿ ಹೊಸದಾಗಿ ಕಟ್ಟುವುದಾದರೆ ತೇಲುವ ಜೆಟ್ಟಿ ಕಟ್ಟಿ. ಸೌತಾಂಪ್ಟನ್‌ನಲ್ಲಿ ನೀರು ನಾಲ್ಕು ಮೀಟರಿನಷ್ಟು ಏರಿಳಿಯುತ್ತದೆ, ನಮ್ಮಲ್ಲಿ ಹೆಚ್ಚೆಂದರೆ ಎರಡರ ಆಸುಪಾಸು. ತೇಲುವ ಜೆಟ್ಟಿ ನೀರಿನ ಜೊತೆ ತಾನೂ ಏರಿಳಿಯುವುದರಿಂದ ಬೋಟಿನ ಅಂಚು ಸದಾ ಒಂದೇ ಎತ್ತರದಲ್ಲಿ ಸಿಗುತ್ತದೆ. ದಡದಿಂದ ಅದಕ್ಕೆ ತಿರುಗಣಿ ಹಾಕಿದ ಒಂದು ಇಳಿಜಾರು ಸೇತುವೆ. ಗಾಲಿಕುರ್ಚಿಗೂ ಆಯಿತು, ಗರ್ಭಿಣಿಗೂ ಆಯಿತು, ಐಸ್ ಪೆಟ್ಟಿಗೆಯ ಗಾಡಿಗೂ ಆಯಿತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಸಾರಿಗೆ ಅಂದರೆ ಜಲಸಾರಿಗೆಯೂ ಸೇರಿದೆ ಅಂತ ಸ್ಪಷ್ಟವಾಗಿ ಬರೆದಿದೆ. ಪಡುಬಿದ್ರಿ ಮತ್ತು ಹೊನ್ನಾವರದ ಬಳಿಯ ಕಾಸರಕೋಡಿನ ಬೀಚುಗಳಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್ ಬಂತು, ಅಂದರೆ ಸ್ವಚ್ಛ, ಸುರಕ್ಷಿತ ಬೀಚಿಗೆ ಕೊಡುವ ಅಂತರರಾಷ್ಟ್ರೀಯ ಮನ್ನಣೆಯ ಬಾವುಟ. ಅಂಗವಿಕಲರಿಗೆ ಸೌಲಭ್ಯ ಇರಬೇಕು ಅನ್ನುವುದು ಆ ಬಾವುಟದ ಷರತ್ತುಗಳಲ್ಲೊಂದು. ಮರಳಿನ ತನಕ ಬಂದಿದ್ದೇವೆ, ಇನ್ನು ನೀರು ಎಷ್ಟು ದೂರ?

ಹೋದ ವರ್ಷ ಮೊಮ್ಮಗಳ ಜೊತೆ ಒಂದು ದ್ವೀಪಕ್ಕೆ ಹೋಗಿದ್ದೆ, ಯಾವುದು ಅಂತ ಬೇಡ. ಬೋಟಿನ ಹುಡುಗರಿಬ್ಬರು ನನ್ನನ್ನು ಮೂಟೆಯಂತೆ ಎತ್ತಿ ಕೂರಿಸಿದರು. ಒಳ್ಳೆ ಹುಡುಗರೇ, ದುಡ್ಡೂ ಜಾಸ್ತಿ ಕೇಳಲಿಲ್ಲ. ಮೊಮ್ಮಗಳು ಮಾತ್ರ ಬೇರೆ ಕಡೆ ಮುಖ ತಿರುಗಿಸಿದಳು. ಅವಳಿಗೆ ನಾನು ಹಡಗು ನಡೆಸಿದ ಕಥೆಯನ್ನು ಹಿಂದಿನ ರಾತ್ರಿಯಷ್ಟೇ ಹೇಳಿದ್ದೆ.

ಕುಂದಾಪುರ, ಮಲ್ಪೆ, ಹೊನ್ನಾವರ, ಕಾರವಾರ, ಎಲ್ಲೇ ಆಗಲಿ, ಯಾರಾದರೂ ಒಂದು ಸಣ್ಣ ಹಾಯಿದೋಣಿ ಇಟ್ಟುಕೊಂಡು ಅಂಗವಿಕಲ ಮಕ್ಕಳನ್ನು ಅಳಿವೆಯೊಳಗೆ ಒಂದು ಸುತ್ತು ಕರೆದೊಯ್ಯುತ್ತೇವೆ ಅಂದರೆ ನಾನು ವಾರಕ್ಕೆ ಎರಡು ದಿನ ಬರುತ್ತೇನೆ. ಸಂಬಳ ಬೇಡ. ಹಗ್ಗದ ಗಂಟು ಹನ್ನೊಂದು ಬಗೆ ಬರುತ್ತದೆ, ಬಲೆ ಕಟ್ಟಲು ಬರುತ್ತದೆ, ದಿಕ್ಸೂಚಿ ನೋಡಲು ಬರುತ್ತದೆ. ಶೌಚಾಲಯವನ್ನೂ ಚೆನ್ನಾಗಿ ತೊಳೆಯುತ್ತೇನೆ. ವಾಂತಿ ಮೊದಲ ದಿನ ಮಾತ್ರ.

ಇತಿ ನಿಮ್ಮ ಹಳೆಯ ಓದುಗ,
ಗಂಗೊಳ್ಳಿ