ಗುಂಡನಿಗೆ, ಆ ಐಕ್ಯೂ ನಕ್ಷೆಯ ಬಗ್ಗೆ

ಗುಂಡಾ,

ನೀನು ಕಳಿಸಿದ 'ಯಾವ ದೇಶದ ಬುದ್ಧಿ ಎಷ್ಟು' ನಕ್ಷೆ ನೋಡಿದೆ. ಉತ್ತರ ಎಲ್ಲರ ಮುಂದೇ ಬರೀತಿದ್ದೀನಿ, ಸಾಕ್ಷಿ ಇರಲಿ ಅಂತ. ಮೂರನೇ ಇಡ್ಲಿ ಕೇಸು ಮರೆತಿಲ್ಲ ನಾನು.

ಇಂಥ ನಕ್ಷೆಗಳ ಮೂಲಪುರುಷರು ಮನಶ್ಶಾಸ್ತ್ರಜ್ಞ ಲಿನ್ ಮತ್ತು ರಾಜಕೀಯ ಶಾಸ್ತ್ರಜ್ಞ ವಾನ್ಹಾನೆನ್. ಅವರ 2002ರ ಪಟ್ಟಿಯಲ್ಲಿ 185 ದೇಶ. ಪರೀಕ್ಷೆಯ ಅಂಕಿ ಇದ್ದದ್ದು 81ಕ್ಕೆ. ಉಳಿದ 104 ದೇಶಗಳಿಗೆ ಅಕ್ಕಪಕ್ಕದವರ ಸರಾಸರಿ ತೆಗೆದು ತುಂಬಿದ್ದಾರೆ ಮಾರಾಯ! ಈಕ್ವಟೋರಿಯಲ್ ಗಿನಿಯ ಅಂಕಿಯಂತೂ ಸ್ಪೇನ್‌ನಲ್ಲಿ ಬುದ್ಧಿ ಬೆಳವಣಿಗೆ ಕುಂಠಿತವಾದ ಮಕ್ಕಳ ಆಶ್ರಯಧಾಮದಿಂದ ಬಂದದ್ದು.

ಚಾಳಿ ಹಳೇದು. ಅಮೆರಿಕ 1917ರಲ್ಲಿ ಮೊದಲ ಮಹಾಯುದ್ಧಕ್ಕಿಳಿದಾಗ ಮನಶ್ಶಾಸ್ತ್ರಜ್ಞ ರಾಬರ್ಟ್ ಯರ್ಕಿಸ್ ತಂಡ ಸುಮಾರು 17 ಲಕ್ಷ ಸೈನಿಕರ ಬುದ್ಧಿ ಅಳೆಯಿತು. ಓದು ಬಂದವರಿಗೆ ಆಲ್ಫಾ ಅನ್ನೋ ಪರೀಕ್ಷೆ. ಇಂಗ್ಲಿಷ್ ಓದಲು ಬಾರದವರಿಗೆ ಬೀಟಾ, ಅದರಲ್ಲಿ ಸೂಚನೆಯೆಲ್ಲ ಬರೀ ಕೈಸನ್ನೆ, ಕಪ್ಪುಹಲಗೆಯಲ್ಲೇ. ಬೀಟಾದ ಒಂದು ಭಾಗದಲ್ಲಿ 20 ಚಿತ್ರ, 3 ನಿಮಿಷ, ಬಿಟ್ಟುಹೋದದ್ದನ್ನು ಪೆನ್ಸಿಲ್ಲಿನಲ್ಲಿ ಬರೆದು ತುಂಬಬೇಕು. ಪೆನ್ಸಿಲ್ಲನ್ನೇ ಮೊದಲ ಸಲ ಹಿಡಿದವರೂ ಅಲ್ಲಿದ್ದರು. ಬಾಯಿಲ್ಲದ ಮುಖ, ಸರಿ. ನೆಟ್ ಇಲ್ಲದ ಟೆನಿಸ್ ಕೋರ್ಟು? ಕಹಳೆ ಇಲ್ಲದ ಗ್ರಾಮಫೋನು? ಒಂದು ಮನೆಗೆ ಚಿಮಣಿ ಇರಲಿಲ್ಲ. ಸಿಸಿಲಿಯವನೊಬ್ಬ ತನ್ನೂರ ಮನೆಗಳ ಮೇಲಿರುವಂತೆ ಶಿಲುಬೆ ಬರೆದ. ತಪ್ಪು ಅಂದರು.

ಮನಶ್ಶಾಸ್ತ್ರಜ್ಞ ಕಾರ್ಲ್ ಬ್ರಿಗಮ್ 1923ರಲ್ಲಿ ಈ ಅಂಕಿಗಳ ಮೇಲೇ ಒಂದು ಪುಸ್ತಕ ಬರೆದ. ಅದರೊಳಗಿನ ಒಂದು ಕೋಷ್ಟಕ ಸಾಕು: ವಲಸಿಗ ಅಮೆರಿಕದಲ್ಲಿ ಇದ್ದ ವರ್ಷ ಹೆಚ್ಚಿದಷ್ಟೂ ಅಂಕ ಏರಿದೆ. ಇಪ್ಪತ್ತು ವರ್ಷ ದಾಟಿದವರು ಅಲ್ಲೇ ಹುಟ್ಟಿದವರಿಗೆ ಸರಿಸಮ. ಅಂದರೆ ಪರೀಕ್ಷೆ ಅಳೆದದ್ದು ಅಮೆರಿಕದ ರೂಢಿಯನ್ನ ಅಂತ ನಿನಗೂ ಹೊಳೆಯುತ್ತೆ. ಬ್ರಿಗಮ್‌ಗೆ ಹೊಳೆದದ್ದು ಬೇರೆ: ಈಚೀಚೆಗೆ ಬರುತ್ತಿರುವವರ ರಕ್ತವೇ ಕಳಪೆ! ಮರುವರ್ಷವೇ ವಲಸೆ ಕಾನೂನು ಬಂತು. ಆಯಾ ದೇಶದವರು ಅಮೆರಿಕದ 1890ರ ಜನಗಣತಿಯಲ್ಲಿ ಎಷ್ಟಿದ್ದರೋ ಅದರ ನೂರಕ್ಕೆ 2ರಷ್ಟು ಮಂದಿಗೆ ಮಾತ್ರ ವರ್ಷಕ್ಕೆ ಪ್ರವೇಶ. ಇಟಲಿ, ಪೋಲೆಂಡಿನವರು ದಂಡಿಯಾಗಿ ಬಂದದ್ದು 1890ರ ನಂತರ, ಆ ವರ್ಷವನ್ನೇ ಆರಿಸಿದ್ದು ಸುಮ್ಮನೆ ಅಲ್ಲ. ಈ ಅಂಕಿಗಳಿಂದಲೇ ಕಾನೂನು ಬಂತು ಅನ್ನಲ್ಲ, ದ್ವೇಷ ಮೊದಲೇ ಇತ್ತು. ಅದಕ್ಕೆ ವಿಜ್ಞಾನದ ಕೋಟು ಸಿಕ್ಕಿತು. ಬ್ರಿಗಮ್ 1930ರಲ್ಲಿ ತನ್ನ ತೀರ್ಮಾನಕ್ಕೆ ಬುಡವೇ ಇಲ್ಲ ಅಂತ ತಾನೇ ಬರೆದ. ಕಾನೂನು ಮಾತ್ರ ಕದಲಲಿಲ್ಲ.

ಇಷ್ಟೆಲ್ಲ ತಿಳಿದವನು ನಿನ್ನ ನಕ್ಷೆ ತೆರೆದು ಮೊದಲು ಮಾಡಿದ್ದೇನು ಗೊತ್ತಾ? ಭಾರತದ ಬಣ್ಣ ಹುಡುಕಿದ್ದು. ಆಮೇಲೆ ಪಾಕಿಸ್ತಾನದ್ದು. ಯಾರು ಮೇಲೆ ಅಂತ. ಅಂಕಿ ಸುಳ್ಳು ಅಂತ ಗೊತ್ತಿದ್ದೂ ಒಳಗೆಲ್ಲೋ ಒಂದು ಪುಟ್ಟ ಸಮಾಧಾನಕ್ಕೆ ಕಾಯುತ್ತಿದ್ದೆ ಕಣೋ. ಬ್ರಿಗಮ್‌ನನ್ನ ಬೈಯೋ ನಾಲಿಗೆ ಅಲ್ಲಿಗೆ ಒಣಗಿತು.

ಇದನ್ನ ಇಲ್ಲಿ ಬರೀಬಾರದಿತ್ತೇನೋ. ಹೋಗಲಿ ಬಿಡು. ನನಗೆ ಆ ಟೆನಿಸ್ ಕೋರ್ಟು ಕೊಟ್ಟಿದ್ದರೆ ಮಧ್ಯದಲ್ಲಿ ಕಬಡ್ಡಿ ಗೆರೆ ಎಳೆದು, ಪಕ್ಕದಲ್ಲಿ ನಿನ್ನನ್ನ ಅಂಪೈರ್ ಮಾಡಿ ನಿಲ್ಲಿಸ್ತಿದ್ದೆ.

ನಿನ್ನ,
ಸೊನ್ನೆರಾಯ