ಕಿರೀಟ ನೋಡಿ ವೇಷ ಅಳೆಯಬೇಡ

ಶಿರಸಿ

ಪ್ರೀತಿಯ ಕೂಸಿಗೆ ಅತ್ತೆಯ ಆಶೀರ್ವಾದಗಳು.

ಕಾರವಾರದಿಂದ ನೀನು ಬರೆದ ಕಾಗದ ತಲುಪಿತು. ನಾಲ್ಕು ಪುಟದಲ್ಲಿ ಮೂರು ಪುಟ ಸಿಟ್ಟೇ ಇದೆ. ಈಗಿನ ಸೂಪರ್‌ಹೀರೋ ಕಾಮಿಕ್ಸಿನಲ್ಲಿ ನಾಯಕಿಯರನ್ನೆಲ್ಲ ಹಾಳು ಮಾಡಿಟ್ಟಿದ್ದಾರೆ ಎಂದಿದ್ದೀಯ. ಯಾರನ್ನು, ಯಾವ ಸಂಚಿಕೆಯಲ್ಲಿ, ಎಷ್ಟನೇ ಪುಟದಲ್ಲಿ ಎಂಬುದು ಮಾತ್ರ ಎಲ್ಲೂ ಇಲ್ಲ. ಅಡಿಕೆ ಟೆಂಡರಿಗೆ ಬಂದ ವ್ಯಾಪಾರಿ ಚೀಲಕ್ಕೆ ಕೈ ಹಾಕಿ ನಾಲ್ಕು ಅಡಿಕೆ ಒಡೆದು ನೋಡದೆ ದರ ಬರೆಯುತ್ತಾನೆಯೇ? ನಿನ್ನ ಸಿಟ್ಟು ಸುಳ್ಳು ಎನ್ನುತ್ತಿಲ್ಲ, ಅರ್ಧ ನಿಜ. ಆ ಅರ್ಧ ಯಾವುದೆಂದು ಗೊತ್ತಾಗಬೇಕಾದರೆ ಪುಟ ಎಣಿಸಬೇಕು.

ಒಂದು ಸಂಚಿಕೆ ತೆಗೆದುಕೊ. ಜಾಹೀರಾತು ಬಿಟ್ಟರೆ ಕಥೆ ಇರುವುದು 20ರಿಂದ 22 ಪುಟ. ಮೊದಲ ಸಲ ಸುಮ್ಮನೆ ಖುಷಿಗೆ ಓದು. ಎರಡನೇ ಸಲ ಪೆನ್ಸಿಲ್ ಹಿಡಿದುಕೊಂಡು ಕೂರು. ಕಥೆಯನ್ನು ತಿರುಗಿಸುವ ನಿರ್ಧಾರ ಯಾವ ಪುಟದಲ್ಲಿದೆ, ಅದನ್ನು ಮಾಡಿದ್ದು ಯಾರು ಎಂದು ಗುರುತು ಹಾಕು. ಆಮೇಲೆ ನಾಯಕಿ ಇರುವ ಚಿತ್ರದ ಚೌಕಗಳನ್ನು ಎಣಿಸಿ, ಎಷ್ಟರಲ್ಲಿ ಅವಳ ಮುಖ ಕಾಣುತ್ತದೆ, ಎಷ್ಟರಲ್ಲಿ ಮುಖ ಕತ್ತರಿಸಿ ಬರೀ ಮೈ ಬರೆದಿದ್ದಾರೆ ಎಂದು ಬರೆದಿಟ್ಟುಕೊ. ಕೊನೆಗೆ, ಚೌಕದ ಮೂಲೆಯ ಆ ಆಯತದ ಪೆಟ್ಟಿಗೆಗಳಲ್ಲಿ ಕಥೆ ಹೇಳುತ್ತಿರುವ ಬಾಯಿ ಯಾರದು ನೋಡು. ಹೆಚ್ಚಿನವರು ಬಿಟ್ಟುಬಿಡುವುದು ಇದನ್ನೇ. ಬಡಗುತಿಟ್ಟಿನ ಯಕ್ಷಗಾನ ಆಟ ನೋಡುತ್ತ ಬೆಳೆದವಳಿಗೆ ಬೇರೆ ಹೇಳಬೇಕೇ? ಕುಣಿಯುವುದು ವೇಷ, ಪದ ಹಾಡಿ ಆಟ ನಡೆಸುವವ ಭಾಗವತ.

ಒಬ್ಬನೇ ಬರಹಗಾರನ ಎರಡು ಪುಸ್ತಕ ಪಕ್ಕಪಕ್ಕ ಇಟ್ಟು ನೋಡು, ತಿಳಿಯುತ್ತದೆ. ಟಾಮ್ ಕಿಂಗ್ 2023ರಲ್ಲಿ ವಂಡರ್ ವುಮನ್ ಮಾಲಿಕೆ ಹಿಡಿದ. ಚಿತ್ರ ಡ್ಯಾನಿಯಲ್ ಸಾಂಪೆರೆಯದು, ನೋಡಲು ಹಬ್ಬ. ಆದರೆ ಶುರುವಿನ ಸಂಚಿಕೆಗಳಲ್ಲಿ ಕಥೆ ಹೇಳುವವನು ಸಾವರಿನ್, ಅಮೆರಿಕವನ್ನು ತೆರೆಮರೆಯಲ್ಲಿ ಆಳುವ ರಾಜ, ಅವಳ ವೈರಿ. ಡಯಾನಾ, ಅಂದರೆ ವಂಡರ್ ವುಮನ್, ಎದುರಿಗೆ ಬಂದವರನ್ನೆಲ್ಲ ಸೋಲಿಸುತ್ತಾಳೆ. ಅವಳ ಮನಸ್ಸಿನಲ್ಲಿ ಏನಿದೆ ಎಂಬುದು ಮಾತ್ರ ಅವನ ಬಾಯಿಂದಲೇ ನಮಗೆ ಬರಬೇಕು. ಅವಳು ದೂರದ ಗುಡಿಯ ವಿಗ್ರಹದ ಹಾಗೆ ಕಾಣತೊಡಗುತ್ತಾಳೆ. ಅದು ಬೇಕೆಂದೇ ಮಾಡಿದ್ದು, ಜಾಣತನದ್ದೇ. ಆದರೂ ನನಗೆ ಒಪ್ಪಿಗೆಯಿಲ್ಲ.

ಇದಕ್ಕೂ ಮೊದಲು, 2021–22ರಲ್ಲಿ, ಅದೇ ಕಿಂಗ್ ಎಂಟು ಸಂಚಿಕೆಯಲ್ಲಿ ಬರೆದು ಮುಗಿಸಿದ್ದು ‘ಸೂಪರ್‌ಗರ್ಲ್: ವುಮನ್ ಆಫ್ ಟುಮಾರೊ’. ಚಿತ್ರ ಬಿಲ್ಕಿಸ್ ಎವ್ಲಿಯದು. ಅಲ್ಲೂ ನಾಯಕಿ ತನ್ನ ಕಥೆ ತಾನು ಹೇಳುವುದಿಲ್ಲ. ಅಪ್ಪನನ್ನು ಕೊಂದವನ ಮೇಲೆ ಸೇಡು ತೀರಿಸಲು ಹೊರಟ ರೂಥಿ ಎಂಬ ಹುಡುಗಿ ಹೇಳುತ್ತಾಳೆ. ಕೆಂಪು ಸೂರ್ಯನ ಗ್ರಹದಲ್ಲಿ ಶಕ್ತಿ ಇರುವುದಿಲ್ಲ, ಹಾಗಾಗಿ ಕುಡಿದರೆ ಅಮಲು ಏರುತ್ತದೆ ಎಂದು ತನ್ನ 21ನೇ ಹುಟ್ಟುಹಬ್ಬಕ್ಕೆ ಅಲ್ಲಿಗೆ ಹೋಗಿ ಕೂತ ಸೂಪರ್‌ಗರ್ಲ್ ಅವಳ ಕಣ್ಣಿಗೆ ಬೀಳುತ್ತಾಳೆ. ಇದು ಯಾಕೆ ಗೆಲ್ಲುತ್ತದೆ, ಅದು ಯಾಕೆ ಸೋಲುತ್ತದೆ? ರೂಥಿ ನಾಯಕಿಯ ಜೊತೆ ನಡೆಯುತ್ತಾಳೆ, ನೋಡಿ ಬದಲಾಗುತ್ತಾಳೆ. ಸಾವರಿನ್ ಕೂತಲ್ಲಿಂದ ಏಳುವುದಿಲ್ಲ. ಭಾಗವತ ವೇಷದ ಹೆಜ್ಜೆ ನೋಡಿ ಪದ ಎತ್ತಬೇಕು, ತನ್ನ ಪಾಡಿಗೆ ತಾನು ಹಾಡಿದರೆ ಕುಣಿಯುವವರ ಗತಿಯೇನು? ನೀನು ಒಂದೇ ಪುಸ್ತಕ ಕೊಳ್ಳುವುದಾದರೆ ಸೂಪರ್‌ಗರ್ಲ್ ಕೊಳ್ಳು. ಒಂದೇ ಸಂಪುಟದಲ್ಲಿ ಪೂರ್ತಿ ಸಿಗುತ್ತದೆ, ಹಿಂದುಮುಂದು ಏನೂ ಓದಿರಬೇಕಿಲ್ಲ.

ಇನ್ನು ಸಾವಿನ ವಿಷಯ, ನಿನ್ನ ಸಿಟ್ಟು ನಿಜವಾಗಿ ಇರಬೇಕಾದ ಜಾಗ. 1994ರ ಗ್ರೀನ್ ಲ್ಯಾಂಟರ್ನ್ 54ನೇ ಸಂಚಿಕೆಯಲ್ಲಿ ನಾಯಕ ಮನೆಗೆ ಬಂದರೆ ಅವನ ಗೆಳತಿಯನ್ನು ಕೊಂದು ಫ್ರಿಜ್ಜಿನಲ್ಲಿ ತುರುಕಿಟ್ಟಿದ್ದಾರೆ. ಅವಳ ಕಥೆ ಅಲ್ಲಿಗೆ ಮುಗಿಯಿತು, ಅವನ ದುಃಖದ ಕಥೆ ಅಲ್ಲಿಂದ ಶುರು. ಇಂಥವನ್ನು ಗೇಲ್ ಸಿಮೋನ್, ಆಮೇಲೆ ತಾನೇ ಕಾಮಿಕ್ಸ್ ಬರೆದವಳು, 1999ರಲ್ಲಿ ಒಂದೊಂದಾಗಿ ಪಟ್ಟಿ ಮಾಡಿದಳು. ಕೂಗಾಡಲಿಲ್ಲ, ಹೆಸರು ಜೋಡಿಸುತ್ತ ಹೋದಳು ಅಷ್ಟೆ. ‘ಫ್ರಿಜ್ಜಿಗೆ ಹಾಕುವುದು’ ಎಂಬ ಮಾತು ಕಾಮಿಕ್ಸ್ ಓದುವವರಲ್ಲಿ ನಿಂತದ್ದು ಆ ಪಟ್ಟಿಯಿಂದ.

ಅದೇ ತಪ್ಪು ಈಗ ಬೇರೆ ಅಂಗಿ ಹಾಕಿಕೊಂಡು ಬರುತ್ತದೆ. ಕಮಲಾ ಖಾನ್ ಗೊತ್ತಲ್ಲ, ಜರ್ಸಿ ಸಿಟಿಯ ಪಾಕಿಸ್ತಾನಿ ಮೂಲದ ಹುಡುಗಿ, ಮಿಸ್ ಮಾರ್ವೆಲ್. 2014ರಲ್ಲಿ ಜಿ. ವಿಲೋ ವಿಲ್ಸನ್ ಬರೆದು ಏಡ್ರಿಯನ್ ಅಲ್ಫೋನಾ ಚಿತ್ರ ಬಿಡಿಸಿದ ಮೊದಲ ಸಂಪುಟಕ್ಕೆ 2015ರಲ್ಲಿ ಹ್ಯೂಗೊ ಪ್ರಶಸ್ತಿ ಬಂತು. ಅದರಲ್ಲಿ ಕಮಲಾ ಬುರ್ಕಿನಿಯನ್ನೇ, ಮೈಯೆಲ್ಲ ಮುಚ್ಚುವ ಈಜುಡುಪನ್ನೇ, ತಿದ್ದಿ ತನ್ನ ವೇಷ ಮಾಡಿಕೊಳ್ಳುತ್ತಾಳೆ. ಮನೆಗೆ ತಡವಾಗಿ ಬಂದದ್ದಕ್ಕೆ ಅಪ್ಪ ಅಮ್ಮನ ಬೈಗುಳ, ಕೈ ಉದ್ದ ಮಾಡುವ ಶಕ್ತಿ, ಎರಡಕ್ಕೂ ಒಂದೇ ತೂಕ. 2023ರಲ್ಲಿ ಆ ಹುಡುಗಿಯನ್ನು ಕೊಂದರು. ಎಲ್ಲಿ? ಅಮೇಜಿಂಗ್ ಸ್ಪೈಡರ್‌ಮ್ಯಾನ್ 26ನೇ ಸಂಚಿಕೆಯಲ್ಲಿ. ಅವಳ ಸ್ವಂತ ಪುಸ್ತಕವೂ ಅಲ್ಲ. ಸಾಯುವಾಗ ಸ್ವಂತ ಮುಖವೂ ಇಲ್ಲ, ಸ್ಪೈಡರ್‌ಮ್ಯಾನ್ ಪ್ರೀತಿಸಿದ ಮೇರಿ ಜೇನಳ ರೂಪ ತಾಳಿ ಇರಿತಕ್ಕೆ ಒಡ್ಡಿಕೊಂಡಳು. ಎರಡು ತಿಂಗಳ ಒಳಗೆ ಎಕ್ಸ್‌ಮೆನ್ ಸಂಚಿಕೆಯಲ್ಲಿ ಎಬ್ಬಿಸಿ ಕೂರಿಸಿದರು. ನಾನು ಹೇಳಿದ ಮೂರು ಗುರುತಿನಲ್ಲಿ ನಿರ್ಧಾರದ ಗುರುತು ಮಾತ್ರ ಇಲ್ಲಿ ಅವಳದ್ದು, ಅದನ್ನು ಒಪ್ಪಿಕೊಳ್ಳಬೇಕು. ಉಳಿದ ಎರಡೂ ಸೊನ್ನೆ. ‘ಹಾಳು ಮಾಡಿದರು’ ಎಂದು ಬರೆಯುವುದಾದರೆ ಹೀಗೆ ಬರೆ, ಯಾರೂ ಎದುರಾಡಲಾರರು.

ನೀನು ಚಿತ್ರ ಬಿಡಿಸುವವಳಾದ್ದರಿಂದ ನಿನಗೆಂದೇ ಒಬ್ಬಳನ್ನು ಎತ್ತಿಟ್ಟಿದ್ದೇನೆ: ಕ್ಯಾಸಂಡ್ರಾ ಕೇನ್. 1999ರಲ್ಲಿ ಬ್ಯಾಟ್‌ಮ್ಯಾನ್ 567ನೇ ಸಂಚಿಕೆಯಲ್ಲಿ ಬಂದವಳು, ಕೆಲ್ಲಿ ಪಕೆಟ್ ಮತ್ತು ಡೇಮಿಯನ್ ಸ್ಕಾಟ್ ಸೃಷ್ಟಿ. ಕೊಲೆಗಾರ ಅಪ್ಪ ಅವಳನ್ನು ಮಾತೇ ಕಲಿಸದೆ ಬೆಳೆಸುತ್ತಾನೆ. ಎದುರಿನವರ ಮೈಚಲನೆಯೇ ಅವಳ ಭಾಷೆ. ಭುಜ ಒಂದು ಗುಲಗಂಜಿಯಷ್ಟು ತಗ್ಗಿದರೆ ಸಾಕು, ಯಾವ ಕೈ ಏಳುತ್ತದೆ ಎಂದು ಅವಳಿಗೆ ಗೊತ್ತು. 2000ದಲ್ಲಿ ಇವಳನ್ನೇ ಬ್ಯಾಟ್‌ಗರ್ಲ್ ಮಾಡಿ ಶುರುವಾದ ಮಾಲಿಕೆಯ ಮೊದಲ ಕೆಲವು ಸಂಚಿಕೆಗಳಲ್ಲಿ ಅವಳ ಬಾಯಿಂದ ಮಾತೇ ಇಲ್ಲ ಎನ್ನಬಹುದು. ಆದರೂ ಅವಳು ಏನು ಅಂದುಕೊಂಡಳು ಎಂಬುದರಲ್ಲಿ ಓದುವವರಿಗೆ ಅನುಮಾನ ಬರುವುದಿಲ್ಲ. ನಾಲ್ಕನೇ ಸಂಚಿಕೆಯಲ್ಲಿ ಒಬ್ಬ ಮನೋಶಕ್ತಿಯವನು ಅವಳ ತಲೆಯೊಳಗೆ ಭಾಷೆ ಕೂರಿಸಿಬಿಡುತ್ತಾನೆ. ಮಾತು ಬಂತು, ಮೈ ಓದುವ ವಿದ್ಯೆ ಹೋಯಿತು. ಹೊಡೆತ ಎಲ್ಲಿಂದ ಬರುತ್ತದೆ ಎಂದು ಈಗ ಅವಳಿಗೆ ತಿಳಿಯುವುದಿಲ್ಲ. ಆ ವಿದ್ಯೆ ವಾಪಸು ಬೇಕೆಂದು ಕಾದಾಟದಲ್ಲಿ ಪಳಗಿದ ಕೊಲೆಗಾರ್ತಿ ಲೇಡಿ ಶಿವಾ ಹತ್ತಿರ ಹೋಗುತ್ತಾಳೆ. ಕೊಡುತ್ತೇನೆ, ಒಂದು ವರ್ಷ ಬಿಟ್ಟು ನನ್ನ ಜೊತೆ ಸಾಯುವ ತನಕ ಹೋರಾಡಬೇಕು ಎಂಬ ಷರತ್ತು. ಒಪ್ಪುತ್ತಾಳೆ. 25ನೇ ಸಂಚಿಕೆಯಲ್ಲಿ ಆ ದಿನ ಬರುತ್ತದೆ. ಅವಳೇ ಮಾಡಿಕೊಂಡ ಒಪ್ಪಂದ, ಅವಳೇ ತೆರುವ ಬೆಲೆ. ಈ ಸಂಚಿಕೆಗಳನ್ನು ಮಾತಿನ ಗುಳ್ಳೆಗಳ ಮೇಲೆ ಕಾಗದದ ಚೂರು ಮುಚ್ಚಿ ಒಮ್ಮೆ ನೋಡು. ಕಥೆ ಆಗಲೂ ನಡೆಯುತ್ತದೆ. ಬೇರೆ ಪುಸ್ತಕಕ್ಕೆ ಇದೇ ಪರೀಕ್ಷೆ ಕೊಟ್ಟರೆ ಎಷ್ಟೋ ಚೌಕದಲ್ಲಿ ಜನ ಸುಮ್ಮನೆ ನಿಂತು ಬಾಯಿ ತೆರೆದಿರುವುದು ಕಾಣುತ್ತದೆ.

ಉಡುಪಿನ ಬಗ್ಗೆ ನೀನು ಒಂದಿಡೀ ಪುಟ ಬರೆದಿದ್ದೀಯ. ಅಷ್ಟು ಬೇಡ. ಆಟದಲ್ಲಿ ಕಿರೀಟ ಎಷ್ಟು ಮಿಂಚುತ್ತದೆ ಎಂದು ಕೇಳುವವರು ಹೊಸಬರು. ತಿಳಿದವರು ಕೇಳುವುದು ಧಿಂಗಣ ಹಾಕಿ ಹಾರಿ ತಿರುಗುವಾಗ ಅದು ತಲೆಯ ಮೇಲೆ ನಿಲ್ಲುತ್ತದೆಯೇ ಎಂದು. ಇಲ್ಲೂ ಅಷ್ಟೆ: ಇವಳು ಇದನ್ನು ಹಾಕಿಕೊಂಡು ಓಡಬಲ್ಲಳೇ? 2014ರಲ್ಲಿ ಬ್ಯಾಬ್ಸ್ ಟಾರ್ ಬರೆದ ಇನ್ನೊಬ್ಬ ಬ್ಯಾಟ್‌ಗರ್ಲ್, ಬಾರ್ಬರಾ ಗಾರ್ಡನ್‌ಳ ವೇಷ ನೋಡು. ಚರ್ಮದ ಜಾಕೆಟ್, ದಪ್ಪ ಬೂಟು, ಬೆನ್ನಿನ ಬಟ್ಟೆಗೆ ಟಿಚ್ ಬಟನ್. ಯಾರಾದರೂ ಹಿಡಿದೆಳೆದರೆ ಬಟ್ಟೆ ಕಳಚಿ ಬರುತ್ತದೆ, ಕುತ್ತಿಗೆ ಸಿಕ್ಕಿಕೊಳ್ಳುವುದಿಲ್ಲ. ಹೊಲಿಗೆ ಬಲ್ಲವರು ಮನೆಯಲ್ಲೇ ಮಾಡಬಹುದು, ಎಷ್ಟೋ ಹುಡುಗಿಯರು ಮಾಡಿಕೊಂಡರು ಕೂಡ.

‘ಎಲ್ಲ ಒಂದೇ ಅಚ್ಚು’ ಎಂಬ ನಿನ್ನ ಮಾತಿಗೆ ಉತ್ತರ ಆಬ್ಸಲ್ಯೂಟ್ ವಂಡರ್ ವುಮನ್. 2024ರ ಅಕ್ಟೋಬರಿನಲ್ಲಿ ಶುರುವಾಯಿತು. ಬರವಣಿಗೆ ಕೆಲ್ಲಿ ಥಾಂಪ್ಸನ್, ಚಿತ್ರ ಹೇಡನ್ ಶೆರ್ಮನ್. 2025ರಲ್ಲಿ ಹೊಸ ಮಾಲಿಕೆಗೆ ಕೊಡುವ ಐಸ್ನರ್ ಪ್ರಶಸ್ತಿ ಇದಕ್ಕೇ ಸಿಕ್ಕಿತು. 1941ರಲ್ಲಿ ಮಾರ್ಸ್ಟನ್ ಮತ್ತು ಚಿತ್ರಕಾರ ಪೀಟರ್ ಹುಟ್ಟಿಸಿದ ವಂಡರ್ ವುಮನ್‌ಗೆ ಹೆಂಗಸರದ್ದೇ ಆದ ದ್ವೀಪವಿತ್ತು, ನಮ್ಮ ಜೈಮಿನಿ ಭಾರತದ ಪ್ರಮೀಳೆಯ ಸ್ತ್ರೀರಾಜ್ಯದ ಹಾಗೆ. ಇಲ್ಲಿ ಅದನ್ನು ಕಿತ್ತುಕೊಂಡಿದ್ದಾರೆ. ದ್ವೀಪವಿಲ್ಲ, ಅಕ್ಕತಂಗಿಯರಿಲ್ಲ. ನರಕದಲ್ಲಿ ಸರ್ಸಿ ಎಂಬ ಮಾಂತ್ರಿಕಳ ಕೈಯಲ್ಲಿ ಬೆಳೆಯುತ್ತಾಳೆ. (ಹೆಸರು ಕೇಳಿ ನಮ್ಮೂರನ್ನು ಆಡಿಕೊಳ್ಳಬೇಡ.) ಎಲ್ಲ ಕಳೆದರೂ ಇವಳು ವಂಡರ್ ವುಮನ್ ಆಗಿಯೇ ಉಳಿಯುವುದು ಯಾವುದರಿಂದ ಎಂಬುದೇ ಕಥೆ. ನರಕಕ್ಕೆ ಬಿದ್ದ ಒಬ್ಬನನ್ನು ವಾಪಸು ಕಳಿಸಲು ತನ್ನ ಒಂದು ತೋಳನ್ನೇ ಕೊಡುತ್ತಾಳೆ. ಅಶ್ವಮೇಧದ ಕುದುರೆ ಕಟ್ಟಿದ ಪ್ರಮೀಳೆ ಕೊನೆಗೆ ಅರ್ಜುನನ ಕೈ ಹಿಡಿದಲ್ಲಿಗೆ ಕಥೆ ಅವನದಾಯಿತು. ಇವಳು ತೋಳು ಕೊಟ್ಟ ಮೇಲೂ ಕಥೆ ಇವಳದೇ.

ಕೊಳ್ಳುವಾಗ ಮೋಸ ಹೋಗುವುದು ಸಂಖ್ಯೆಯಲ್ಲಿ. ಕ್ಯಾಪ್ಟನ್ ಮಾರ್ವೆಲ್ ‘1ನೇ ಸಂಪುಟ’ ಕೊಡಿ ಎಂದರೆ ಯಾವುದನ್ನು ಕೊಡಬೇಕು? 2012, 2014, 2016, 2019, 2023, ಅಷ್ಟೂ ವರ್ಷ ಮತ್ತೆ ಒಂದರಿಂದ ಎಣಿಕೆ ಶುರು ಮಾಡಿದ್ದಾರೆ. ಬರಹಗಾರರ ಹೆಸರು, ವರ್ಷ, 978ರಿಂದ ಶುರುವಾಗುವ 13 ಅಂಕಿಯ ಐಎಸ್‌ಬಿಎನ್, ಮೂರನ್ನೂ ಚೀಟಿಯಲ್ಲಿ ಬರೆದುಕೊಟ್ಟು ತರಿಸು. ಒಬ್ಬರೇ ಬಹಳ ಕಾಲ ಬರೆದದ್ದನ್ನು ಆರಿಸು. 2019ರ ಮಾಲಿಕೆಯ 50 ಸಂಚಿಕೆಗಳನ್ನೂ ಈ ಕೆಲ್ಲಿ ಥಾಂಪ್ಸನ್ನೇ ಬರೆದದ್ದು. ಬಿಡಿ ಸಂಚಿಕೆಗಿಂತ ಐದಾರು ಸೇರಿಸಿ ಕಟ್ಟಿದ ಸಂಪುಟ ಅಗ್ಗ, ಬಾಳಿಕೆಯೂ ಹೆಚ್ಚು. ಮುಖಪುಟ ಬೇರೆ ಬೇರೆ ಇದ್ದರೂ ಒಳಗಿನ ಕಥೆ ಒಂದೇ, ಎರಡೆರಡು ಕೊಳ್ಳಬೇಡ. ವಂಡರ್ ವುಮನ್ ಪ್ರಕಟಿಸುವ ಡಿಸಿ ಕಂಪನಿ 2024ರಿಂದ ತರುತ್ತಿರುವ ಐದೂವರೆ ಇಂಚು ಅಗಲ, ಎಂಟೂವರೆ ಇಂಚು ಎತ್ತರದ ಪುಟ್ಟ ಪುಸ್ತಕಗಳು ಬಸ್ಸಿನಲ್ಲಿ ಓದಲು ಚೆನ್ನ. ಚಿತ್ರ ಕಲಿಯಲು ಬೇಡ, ಗೆರೆ ಒತ್ತಿಹೋಗಿರುತ್ತದೆ.

ಕಾರವಾರದ ಮಳೆಗಾಲಕ್ಕೆ ಒಂದು ಮಾತು. ಈ ಹೊಳಪಿನ ಕಾಗದ ತೇವ ಕುಡಿದರೆ ಹಾಳೆಗೆ ಹಾಳೆ ಅಂಟುತ್ತದೆ, ಎಳೆದರೆ ಚಿತ್ರವೇ ಕಿತ್ತು ಬರುತ್ತದೆ. ಅಂಟುವ ಮೊದಲೇ, ನೆನೆದ ಕೂಡಲೇ, ಹಾಳೆಗಳ ನಡುವೆ ಬಿಳಿ ಕಾಗದ ಇಟ್ಟು ಫ್ಯಾನಿನ ಗಾಳಿಗೆ ಹಿಡಿ. ಬಿಸಿಲಿಗೆ ಇಟ್ಟರೆ ಸೊಟ್ಟಗಾಗಿ ಬಣ್ಣ ಮಾಸುತ್ತದೆ. ಹೊರಗೋಡೆಗೆ ತಾಗಿಸಿ ಕಪಾಟು ಇಡಬೇಡ. ಒಲೆಯ ಮೇಲಿನ ಅಟ್ಟದಲ್ಲಿ ಬೂಷ್ಟು ಬರುವುದಿಲ್ಲ ನಿಜ, ಹೊಗೆಗೆ ಪುಟ ಹಳದಿಯಾಗುತ್ತದೆ. ಮುಚ್ಚಳದ ಡಬ್ಬಿಯಲ್ಲಿ ನೆಟ್ಟಗೆ ನಿಲ್ಲಿಸಿ, ಸಿಲಿಕಾ ಜೆಲ್ ಪೊಟ್ಟಣ ಹಾಕು. ನೀಲಿ ಹರಳು ಗುಲಾಬಿಗೆ ತಿರುಗಿದರೆ ತೇವ ತುಂಬಿತು ಎಂದು ಲೆಕ್ಕ, ಆಗ ಬದಲಿಸು.

ಕಾಗದದ ಕೊನೆಗೆ ಚೆನ್ನಭೈರಾದೇವಿಯನ್ನು ಸೂಪರ್‌ಹೀರೋ ಮಾಡಿ ಬರೆಯಬೇಕೆಂದಿದ್ದೀಯಲ್ಲ, ಅದನ್ನು ಓದಿ ಮನಸ್ಸು ತುಂಬಿತು. ಬೆನ್ನಿಗೆ ಬಟ್ಟೆ ಕಟ್ಟಿ ಹಾರಿಸಬೇಡ ಮಾತ್ರ. 16ನೇ ಶತಮಾನದ ಗೇರುಸೊಪ್ಪೆಯ ರಾಣಿಯನ್ನು ಪೋರ್ಚುಗೀಸರು ಕಾಳುಮೆಣಸಿನ ರಾಣಿ ಎಂದು ಕರೆದರು. ಅವಳ ಶಕ್ತಿ ಇದ್ದದ್ದು ಆ ಮೆಣಸಿನಲ್ಲಿ: ಯಾರಿಗೆ, ಯಾವಾಗ, ಎಷ್ಟಕ್ಕೆ ಕೊಡುವುದು. ಆ ಒಂದು ನಿರ್ಧಾರದ ಮೇಲೆ ಎಂಟು ಪುಟ ಬರೆ, 22 ಬೇಡ. ಮಿರ್ಜಾನ ಕೋಟೆಗೆ ಹೋಗಿ ಚಿರೆಕಲ್ಲಿನ ಗೋಡೆ ಕೂತು ಬರೆದುಕೊಂಡು ಬಾ, ಫೋಟೋ ನೋಡಿ ಬರೆದರೆ ಆ ತೂತುತೂತಿನ ಒರಟು ಬರುವುದಿಲ್ಲ.

ಎ3 ಹಾಳೆಯಲ್ಲಿ ಬಿಡಿಸಿ ಎ4ಗೆ ಇಳಿಸು, ಅಂದರೆ ಸುಮಾರು 71 ಶೇಕಡಾ. 0.1ರ ಪೆನ್ನಿನ ಗೆರೆ ಇಳಿಸಿದಾಗ ಅಳಿಸಿಹೋಗುತ್ತದೆ, 0.3ಕ್ಕಿಂತ ತೆಳು ಬೇಡ. ಪುಟಕ್ಕೆ ಐದು, ಹೆಚ್ಚೆಂದರೆ ಆರು ಚೌಕ. ಇಂಗ್ಲಿಷ್ ಗುಳ್ಳೆಯ ಅಳತೆ ಕನ್ನಡಕ್ಕೆ ಹೊಂದುವುದಿಲ್ಲ. ನಮ್ಮ ಪದ ಉದ್ದ, ಒತ್ತಕ್ಷರ ಕೆಳಗೆ ಇಳಿಯುತ್ತದೆ. ‘ರಾಷ್ಟ್ರ’ ಎಂದು ಬರೆದು ಅದರ ಕೆಳಗೇ ‘ಕೋಟೆ’ ಎಂದು ಬರೆದು ನೋಡು, ಮೇಲಿನ ಒತ್ತು ಕೆಳಗಿನ ಅಕ್ಷರದ ತಲೆಗೆ ತಾಗುತ್ತದೆ. ಸಾಲುಗಳ ನಡುವೆ ಅಕ್ಷರದ ಅರ್ಧ ಎತ್ತರದಷ್ಟಾದರೂ ಜಾಗ ಬಿಡು. ಒಂದು ಗುಳ್ಳೆಗೆ ಹದಿನೈದು ಪದ ಮೀರಿಸಬೇಡ. ಪೆನ್ಸಿಲ್ ಹಂತದಲ್ಲೇ ಮೊದಲು ಮಾತು ಬರೆದು, ಅದರ ಸುತ್ತ ಗುಳ್ಳೆ ಎಳೆದು, ಉಳಿದ ಜಾಗದಲ್ಲಿ ಚಿತ್ರ ಕೂರಿಸು. ಚಿತ್ರ ಮುಗಿಸಿ ಆಮೇಲೆ ಮಾತು ತುರುಕಿದರೆ ರಾಣಿಯ ಕಿವಿಯ ಮೇಲೆ ಗುಳ್ಳೆ ಬಂದು ಕೂರುತ್ತದೆ. ಕೂಗಿಗೆ ಇಂಗ್ಲಿಷಿನವರ ದೊಡ್ಡಕ್ಷರ ನಮಗಿಲ್ಲ, ಅಕ್ಷರ ದಪ್ಪ ಮಾಡಿ ಗುಳ್ಳೆಯ ಅಂಚನ್ನು ಮುಳ್ಳುಮುಳ್ಳಾಗಿ ಎಳೆ.

ಮೊದಲ ಎರಡು ಪುಟದ ಪೆನ್ಸಿಲ್ ಕೆಲಸ ಆದಕೂಡಲೇ ಜೆರಾಕ್ಸ್ ಮಾಡಿಸಿ ಕಳಿಸು. ಮೂಲ ಹಾಳೆ ನಿನ್ನ ಹತ್ತಿರವೇ ಇರಲಿ.

ಇಂತಿ,
ನಿನ್ನ ಅತ್ತೆ